ಡಬ್ಬಿ ಇಟ್ರ ಸಾಲಂಗಿಲ್ಲ, ಮುಚ್ಚಳ ತಗದು ನೋಡ್ಬೇಕು

ಮೊನ್ನೆ ಮನಿಗೆ ಬಂದ ವೈನಿ, "ಏನವಾ, ಶನಿವಾರನೂ ಕಂಪ್ಯೂಟರ್ ಮುಂದ ಕೂತೀಯಲ್ಲ, ಏನರ ಕೆಟ್ಟದ ಏನು?" ಅಂತ ಕೇಳಿದ್ರು. "ಇಲ್ರಿ ವೈನಿ, ಕೆಡಬಾರದು ಅಂತನ ಕೂತೇನಿ" ಅಂದೆ. ಅವರು ನಕ್ಕು, ಚಾ ಕುಡದು ಹೋದ್ರು. ನನ್ನ ಉತ್ತರ ಅರ್ಧಾನ ಉಳೀತು. ಉಳಿದದ್ದು ಇಲ್ಲಿ ಬರೀಲಿಕತ್ತೇನಿ.

ನನ್ನ ಕೆಲಸ ಡೇಟಾಬೇಸ್ ನೋಡ್ಕೊಳ್ಳೋದು. ಡೇಟಾಬೇಸ್ ಅಂದ್ರ ಹಾಲಿನವರ ಲೆಕ್ಕದ ವಹಿ ಇದ್ದಂಗ, ಆದ್ರ ಸಾವಿರಾರು ಮಂದಿ ಒಮ್ಮೆಲೇ ಬರಿಯೋ ವಹಿ. ಅಳಸಲಿಕ್ಕೆ 'ಡಿಲೀಟ್' ಅಂತ ಬರೀಬೇಕು. ಯಾವ ಸಾಲು ಅನ್ನೋದನ್ನ 'ವೇರ್' ಅಂತ ಬರದು ಹೇಳ್ಬೇಕು. ಅದನ್ನ ಮರತ್ರ ಎಲ್ಲಾ ಸಾಲೂ ಹೋಗ್ತಾವ.

ಕೆಲಸಕ್ಕ ಸೇರಿದ ಎರಡನೇ ವರ್ಷ, ಒಂದು ರಾತ್ರಿ ನಾನು ಮರತೆ. ದಿನಾ ಬ್ಯಾಕಪ್ ತಗೀತಿದ್ವಿ ಅಂತ ಧೈರ್ಯ ಇತ್ತು. ತಗದು ನೋಡಿದ್ರ ಫೈಲ್ ಖಾಲಿ! ಡಿಸ್ಕ್ ತುಂಬಿ, ಎಷ್ಟೋ ವಾರದಿಂದ ಬರೇ ಫೈಲಿನ ಹೆಸರಷ್ಟ ಬೀಳ್ತಿತ್ತು. ಮೂರು ದಿನ ಕಾಗದದ ಅರ್ಜಿ ನೋಡಿ ಒಂದೊಂದ ಸಾಲು ಮತ್ತ ತುಂಬಿದ್ವಿ. ಕೈ ನಡುಗೋದು ನಿಂತಿರಲಿಲ್ಲ.

ನಾನೊಬ್ಬಾಕಿನ ಅಲ್ಲ. 2017ರ ಜನೇವರಿ 31ಕ್ಕ ಗಿಟ್‌ಲ್ಯಾಬ್ ಅನ್ನೋ ಕಂಪನ್ಯಾಗ ಇಂಜಿನಿಯರ್ ಒಬ್ಬರು, ಬ್ಯಾರೆ ಸರ್ವರ್ ಅಂತ ತಿಳಕೊಂಡು ಖರೇ ಡೇಟಾಬೇಸಿನ ಫೈಲನ್ನ ಅಳಿಸಿಬಿಟ್ರು. ಹುಡುಕಿದ್ರ ದಿನದ ಬ್ಯಾಕಪ್ ಆಗ್ತಾನ ಇರಲಿಲ್ಲ. ಆರು ತಾಸು ಮೊದಲ ಬ್ಯಾರೆ ಕಾರಣಕ್ಕ ತಗದಿಟ್ಟ ಪ್ರತಿ ಒಂದಿತ್ತು, ಅದರಿಂದ ಉಳಕೊಂಡ್ರು. ಆದದ್ದನ್ನ ಮುಚ್ಚಿಡದ ಎಲ್ಲರ ಮುಂದ ಬರದಿಟ್ರು. ಅದು ನಂಗ ಭಾಳ ಸೇರ್ತು.

ನನ್ನ ಮಾತು ಇಷ್ಟ: ತಗದು ನೋಡದ ಬ್ಯಾಕಪ್ ಬ್ಯಾಕಪ್ಪ ಅಲ್ಲ. ಅಟ್ಟದ ಮ್ಯಾಲಿನ ಗೋಧಿಗೆ ಹುಳಾ ಹತ್ತೇದೋ ಇಲ್ಲೋ ಅನ್ನೋದು ಹಬ್ಬದ ದಿನ ಮುಂಜಾನೆ ಗೊತ್ತಾಗಬಾರದು. ಅದಕ್ಕ ತಿಂಗಳಿಗೊಂದು ಶನಿವಾರ ಖಾಲಿ ಮಷೀನಿನ್ಯಾಗ ಬ್ಯಾಕಪ್ ಹಾಕಿ, ಸಾಲು ಎಣಿಸಿ, ಎಷ್ಟು ಹೊತ್ತು ಹಿಡೀತು ಅಂತ ಬರದಿಡ್ತೇನಿ. ಡಿಲೀಟ್ ಮಾಡೋಕಿಂತ ಮೊದಲ ಅದೇ 'ವೇರ್' ಹಾಕಿ 'ಸೆಲೆಕ್ಟ್' ಮಾಡಿ, ಎಷ್ಟು ಸಾಲು ಬರ್ತಾವ ನೋಡ್ತೇನಿ.

ಆದ್ರ ಈ ಕೆಲಸ ಯಾರ ಲೆಕ್ಕಕ್ಕೂ ಬರಂಗಿಲ್ಲ. ರಾತ್ರಿ ಎರಡಕ್ಕ ಎದ್ದು, ಕೆಟ್ಟದ್ದನ್ನ ಸರಿ ಮಾಡಿದವರಿಗೆ ಶಾಬ್ಬಾಸ್. ಕೆಡದಂಗ ನೋಡಿದವರಿಗೆ "ನಿಂಗೇನು ಕೆಲಸ?" ನಮಗೆಲ್ಲ ಇದು ಹೊಸಾದೇನಲ್ಲ. ಅಕ್ಕಿ ಆರಿಸಿದ್ದು ಯಾರಿಗೂ ಕಾಣಂಗಿಲ್ಲ, ಹಳ್ಳು ಬಾಯಿಗೆ ಸಿಕ್ಕಾಗಷ್ಟ ಕಾಣ್ತದ. ಹಂಗಂತ ಸುಮ್ನಿರೋದು ತಪ್ಪು ಅಂತ ನಂಗೀಗ ಅನಸ್ತದ. ಇದು ಕೆಲಸ ಆದ್ರ, ಕೆಲಸದ ದಿನಾನ ಆಗ್ಬೇಕು.

ಬುಧವಾರ ಮಾಡ್ತೇನಿ ಅಂತ ಸಾಹೇಬರಿಗೆ ಹೇಳೇನಿ. ಇನ್ನೂ ಒಪ್ಪಿಲ್ಲ, ನಾನೂ ಬಿಟ್ಟಿಲ್ಲ. ಅವರು ಒಪ್ಪೋ ತನಕ ಶನಿವಾರ ಬಂದ್ರ ಚಾ ನೀವ ಮಾಡ್ಕೋರಿ ವೈನಿ. ಸಕ್ಕರಿ ಡಬ್ಬಿ ತಗದು ನೋಡೇನಿ, ತುಂಬೇದ.