ಹುಡುಕಿದ ಕೂಲಿ

ಕಾರಣವನ್ನು ಹುಡುಕದೆ ಪರಿಹಾರವನ್ನು ಕೊಳ್ಳುವುದು ನಮ್ಮ ಕಾಲದ ದೊಡ್ಡ ರೋಗಗಳಲ್ಲೊಂದು. ಈ ಮಾತನ್ನು ನಾನು ಯಾವ ಗ್ರಂಥದಿಂದಲೂ ಎತ್ತಿಕೊಂಡಿಲ್ಲ. ಹಳೆಯ ಜೀಪೊಂದರ ಅಡಿಯಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿ, ಕನ್ನಡಕದ ಮೇಲೆ ಮಣ್ಣು ಉದುರಿಸಿಕೊಂಡು ಕಲಿತೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಬೋಧಿಸಿದವನಿಗೆ ಇಷ್ಟು ತಡವಾಗಿ ಈ ಪಾಠವಾಯಿತಲ್ಲ ಎಂಬ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮಲೆನಾಡಿನಲ್ಲಿ ಜೀಪು ಷೋಕಿಯ ವಸ್ತುವಲ್ಲ. ತೀರ್ಥಹಳ್ಳಿ ಸೀಮೆಯ ಒಳಹಳ್ಳಿಗಳಲ್ಲಿ ಜೂನ್ ತಿಂಗಳಿನಿಂದ ನಾಲ್ಕು ತಿಂಗಳು ಮಣ್ಣುರಸ್ತೆಗಳು ಕೆಸರಿನ ಗದ್ದೆಗಳಾದಾಗ, ಗೊಬ್ಬರದ ಚೀಲವೂ, ಅಡಿಕೆಯ ಗೊನೆಯೂ, ಜ್ವರದ ಮಗುವೂ, ಹೆರಿಗೆಯ ನೋವಿನ ಹೆಣ್ಣುಮಗಳೂ ಅದನ್ನೇ ಆಶ್ರಯಿಸಬೇಕು. ನಿವೃತ್ತಿಯ ಬಳಿಕ ತೋಟ ನೋಡಿಕೊಳ್ಳಲು ಹಳ್ಳಿಗೆ ಮರಳಿದ ನಾನೂ ನಾಲ್ಕು ಚಕ್ರಗಳಿಗೂ ಎಳೆತವಿರುವ ಒಂದು ಹಳೆಯ ಜೀಪನ್ನು ಕೊಂಡೆ. ನೋಡಲು ಹೋದ ದಿನ ಅದು ಸಾಧುಹಸುವಿನಂತೆ ಸದ್ದಿಲ್ಲದೆ ಓಡಿತು. ಮನೆಗೆ ಬಂದು ಮೂರು ವಾರ ಕಳೆಯುವಷ್ಟರಲ್ಲಿ ಒಂದು ಸದ್ದು ಶುರುವಾಯಿತು.

ಅದೊಂದು ವಿಚಿತ್ರವಾದ ಸದ್ದು. ನಿಧಾನವಾಗಿ ಹೋಗುವಾಗ ಸೀಟಿನ ಹಿಂದೆಲ್ಲೋ ಗುಬ್ಬಚ್ಚಿ ಮರಿಯೊಂದು ಚಿಂವ್ ಚಿಂವ್ ಎನ್ನುತ್ತಿರುವಂತೆ ಕೇಳಿಸುವುದು. ವೇಗ ಹೆಚ್ಚಿದಂತೆ ಚಿಲಿಪಿಲಿಯೂ ಚುರುಕಾಗಿ, ಕೊನೆಗೆ ಗಾಳಿಯ ಮೊರೆತದಲ್ಲಿ ಕರಗಿ ಹೋಗುವುದು. ಮಳೆ ಬಂದ ದಿನ ಸದ್ದೇ ಇಲ್ಲ! ಬಿಸಿಲು ಬಿದ್ದ ಮರುದಿನ ಮತ್ತೆ ಹಾಜರು.

ನಾನು ಮೂರು ಗ್ಯಾರೇಜುಗಳ ಮೆಟ್ಟಿಲು ಹತ್ತಿದೆ. ಮೊದಲನೆಯವರು ಸದ್ದು ಕೇಳುವ ಮೊದಲೇ “ಹಬ್ ಬೇರಿಂಗ್ ಸಾರ್” ಎಂದು ತೀರ್ಪು ಕೊಟ್ಟು, ಹಿಂದಿನ ಎರಡೂ ಚಕ್ರಗಳ ಬೇರಿಂಗುಗಳನ್ನು ಬದಲಿಸಿದರು. 2,800 ರೂಪಾಯಿ. ಎರಡನೆಯವರು ಸ್ಪ್ರಿಂಗಿನ ಬುಷ್‌ಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಹೊಸದಾಗಿ ಹಾಕಿದರು. 6,400 ರೂಪಾಯಿ. ಮೂರನೆಯವರು ಹಿಂದಿನ ಡಿಫರೆನ್ಷಿಯಲ್ಲನ್ನೇ ಬಿಚ್ಚಿ ತೊಳೆದು ಕೂಡಿಸಿದರು. 5,500 ರೂಪಾಯಿ. ಒಟ್ಟು 14,700 ರೂಪಾಯಿ ಖರ್ಚಾದರೂ ಗುಬ್ಬಚ್ಚಿ ಗೂಡು ಬಿಡಲಿಲ್ಲ. ಮೂವರಲ್ಲಿ ಒಬ್ಬರೂ ನನ್ನ ಪಕ್ಕದಲ್ಲಿ ಕುಳಿತು ಒಂದು ಮೈಲಿ ಬರಲಿಲ್ಲವೆಂಬುದು ಆಗ ನನಗೆ ವಿಶೇಷವಾಗಿ ತೋರಲೇ ಇಲ್ಲ.

ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ನೋಡಬಾರದೇಕೆ ಎಂದು ನಾನೊಮ್ಮೆ ಕೇಳಿದ್ದುಂಟು. “ನೀವು ಫೋರ್‌ವ್ಹೀಲ್ ಹಾಕಿಯೇ ಇಲ್ಲವಲ್ಲ ಸಾರ್, ಅದು ತಿರುಗುವುದೇ ಇಲ್ಲ, ಸದ್ದು ಹೇಗೆ ಬಂದೀತು?” ಎಂಬ ಉತ್ತರ ಬಂತು. ತರ್ಕಬದ್ಧವಾಗಿ ಕಂಡಿತು, ಒಪ್ಪಿಕೊಂಡೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಬಗ್ಗಿ ಒಮ್ಮೆ ನೋಡಿದ್ದರೆ ಮುಗಿಯುತ್ತಿತ್ತು. ನಾನೂ ಬಗ್ಗಲಿಲ್ಲ, ಅವರೂ ಬಗ್ಗಲಿಲ್ಲ.

ಕೊನೆಗೆ ಯಾರೋ ಹೇಳಿದರೆಂದು, ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುವ ವೃದ್ಧ ಮೆಕ್ಯಾನಿಕರೊಬ್ಬರ ಬಳಿಗೆ ಹೋದೆ. ನಾನು ಎಂದಿನಂತೆ “ಹಿಂದುಗಡೆಯಿಂದ ಸದ್ದು ಬರುತ್ತದೆ” ಎಂದು ಆರಂಭಿಸಿದೆ. ಅವರು ಕೈಯೆತ್ತಿ ತಡೆದರು: “ಮೇಷ್ಟ್ರೇ, ಎಲ್ಲಿಂದ ಬರ್ತದೆ ಅಂತ ಹೇಳಬೇಡಿ. ಯಾವಾಗ ಬರ್ತದೆ, ಅದನ್ನು ಹೇಳಿ.”

ಆಮೇಲೆ ನನ್ನ ಪಕ್ಕದಲ್ಲಿ ಕುಳಿತು ರಸ್ತೆಗೆ ಬಂದರು. ಸಮತಟ್ಟಾದ ಕಡೆ ವೇಗ ಹಿಡಿಸಿ ನ್ಯೂಟ್ರಲ್ ಮಾಡಿಸಿದರು. ಎಂಜಿನ್ನಿನ ವೇಗ ಇಳಿದರೂ ಸದ್ದು ಬದಲಾಗಲಿಲ್ಲ, ಅಂದರೆ ದೋಷ ಎಂಜಿನ್ನಿನದಲ್ಲ. ಎಡಕ್ಕೂ ಬಲಕ್ಕೂ ತಿರುಗಿಸಿದರು. ಚಕ್ರದ ಬೇರಿಂಗ್ ಕೆಟ್ಟಿದ್ದರೆ ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ವಾಲಿದಾಗ ಸದ್ದು ಹೆಚ್ಚುಕಡಿಮೆಯಾಗಬೇಕಿತ್ತು, ಆಗಲಿಲ್ಲ. ಬ್ರೇಕನ್ನು ಹಗುರವಾಗಿ ಒತ್ತಿಸಿದರು, ಆಗಲೂ ಅದೇ ರಾಗ. ಕೊನೆಗೆ ಮನುಷ್ಯ ನಡೆಯುವ ವೇಗದಲ್ಲಿ ಓಡಿಸಲು ಹೇಳಿ, ಬೆರಳು ಮಡಚುತ್ತ ಸದ್ದನ್ನು ಎಣಿಸಿದರು.

ಈ ಎಣಿಕೆಯಲ್ಲೇ ಗುಟ್ಟೆಲ್ಲ ಇತ್ತು. ನನ್ನ ಜೀಪಿನ ಚಕ್ರದ ಸುತ್ತಳತೆ ಸುಮಾರು ಎರಡೂಕಾಲು ಮೀಟರು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಚಕ್ರ ಒಂದು ಸುತ್ತು ಬರಲು ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. ನಮ್ಮ ಗುಬ್ಬಚ್ಚಿಯಾದರೋ ಸೆಕೆಂಡಿಗೆ ಮೂರು ಬಾರಿ ಕೂಗುತ್ತಿತ್ತು. ಚಕ್ರಕ್ಕಿಂತ ಐದು ಪಟ್ಟು ಬೇಗ ತಿರುಗುವ ವಸ್ತು ಜೀಪಿನ ಹೊಟ್ಟೆಯಡಿಯಲ್ಲಿ ಯಾವುದಿದೆ? ಪ್ರೊಪೆಲ್ಲರ್ ಶಾಫ್ಟ್!

ಶೆಡ್ಡಿಗೆ ಮರಳಿದ ಮೇಲೆ ಅವರು ನನ್ನಿಂದ ಸೀಮೆಸುಣ್ಣದ ತುಂಡೊಂದನ್ನು ಕೇಳಿದರು. ಮೇಷ್ಟರ ಜೇಬಿನಲ್ಲಿ ಇನ್ನೂ ಇರಬಹುದೆಂಬ ತಮಾಷೆ. ಕಡೆಗೆ ಅವರ ಮೊಮ್ಮಗನ ಚೀಲದಿಂದ ತಂದು, ಮುಂದಿನ ಚಕ್ರಕ್ಕೊಂದು, ಮುಂದಿನ ಶಾಫ್ಟಿಗೊಂದು ಗೆರೆ ಎಳೆದರು. ಫೋರ್‌ವ್ಹೀಲ್ ಹಾಕಿರಲಿಲ್ಲ. ಇಬ್ಬರು ಹುಡುಗರು ಜೀಪನ್ನು ತಳ್ಳಿದರು. ನಾನು ಗೋಣಿಯ ಮೇಲೆ ಮಲಗಿ ನೋಡಿದೆ. ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ, “ತಿರುಗುವುದೇ ಇಲ್ಲ” ಎಂದು ಮೂರು ಗ್ಯಾರೇಜುಗಳೂ ನಾನೂ ನಂಬಿದ್ದ ಆ ಶಾಫ್ಟು ಐದು ಸುತ್ತು ದಾಟಿತ್ತು! ಈ ಬಗೆಯ ಹಳೆಯ ಜೀಪುಗಳಲ್ಲಿ ಮುಂದಿನ ಹಬ್ಬುಗಳು ಚಕ್ರಕ್ಕೆ ಕಾಯಂ ಆಗಿ ಕಚ್ಚಿಕೊಂಡಿರುತ್ತವೆ. ಎಂಜಿನ್ನು ತಿರುಗಿಸದಿದ್ದರೂ ಓಡುವ ಚಕ್ರಗಳೇ ಆಕ್ಸಲ್ ಮೂಲಕ ಶಾಫ್ಟನ್ನು ತಿರುಗಿಸುತ್ತವೆ.

ಆ ಶಾಫ್ಟಿನ ತುದಿಯಲ್ಲಿರುವ ಯೂನಿವರ್ಸಲ್ ಜಾಯಿಂಟನ್ನು ಮೆಕ್ಯಾನಿಕರು ‘ಕ್ರಾಸ್’ ಎನ್ನುತ್ತಾರೆ. ಕೂಡುಚಿಹ್ನೆಯಾಕಾರದ ಉಕ್ಕಿನ ತುಂಡು, ಅದರ ನಾಲ್ಕು ತುದಿಗಳಿಗೆ ನಾಲ್ಕು ಕಪ್ಪುಗಳು, ಪ್ರತಿ ಕಪ್ಪಿನೊಳಗೆ ಸೂಜಿಯಂಥ ಸಣ್ಣ ಉರುಳೆಗಳು. ಒಂದು ಕಪ್ಪಿನ ಸುತ್ತ ನುಣುಪಾದ ಕೆಂಪು ಹುಡಿ ಅಂಟಿತ್ತು. ನಾನು ಅದನ್ನು ನಮ್ಮೂರ ಕೆಮ್ಮಣ್ಣೆಂದೇ ತಿಳಿದಿದ್ದೆ. ಮುದುಕರು ಬೆರಳಲ್ಲಿ ತಿಕ್ಕಿ, “ಮಣ್ಣಲ್ಲ ಮೇಷ್ಟ್ರೇ, ಇದು ಕಬ್ಬಿಣದ ರಕ್ತ” ಎಂದರು. ಗ್ರೀಸ್ ಒಣಗಿ ಉರುಳೆಗಳು ತುಕ್ಕು ಹಿಡಿದು ಪುಡಿಯಾಗಿ ಹೊರಬರುತ್ತಿದ್ದವು. ಮಳೆಯ ನೀರು ಸೇರಿದ ದಿನ ಅದೇ ಎಣ್ಣೆಯ ಕೆಲಸ ಮಾಡುತ್ತಿದ್ದರಿಂದ ಸದ್ದಿರುತ್ತಿರಲಿಲ್ಲ. ಹಿಂದಿನಿಂದ ಕೇಳುತ್ತಿದ್ದುದೇಕೆ? ಉಕ್ಕಿನಲ್ಲಿ ಶಬ್ದ ಗಾಳಿಯಲ್ಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ. ಚಾಸಿಯುದ್ದಕ್ಕೂ ಹರಿದು, ಹಿಂದಿನ ತಗಡಿನ ಮೈಯಲ್ಲಿ ದನಿಗೂಡುತ್ತಿತ್ತು. ಈ ಪಾಠವನ್ನು ನಾನು ಒಂಬತ್ತನೆಯ ತರಗತಿಗೆ ಎಷ್ಟು ಸಲ ಮಾಡಿರುವೆನೋ!

ಅಷ್ಟಕ್ಕೂ ಅವರು ತಮ್ಮ ಊಹೆಯನ್ನು ನಂಬಲಿಲ್ಲ. ಮುಂದಿನ ಶಾಫ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹಿಂದಿನ ಚಕ್ರಗಳ ಎಳೆತದಲ್ಲೇ ಜೀಪನ್ನು ಓಡಿಸಿ ನೋಡಿದರು. ನಿಶ್ಶಬ್ದ! ಆಮೇಲಷ್ಟೇ ಹೊಸ ಕ್ರಾಸ್ ತರಿಸಿದರು. ಅದರ ಬೆಲೆ 650 ರೂಪಾಯಿ, ಅವರ ಕೂಲಿ 400.

ಇದನ್ನು ಹಣದ ಮಾತೆಂದು ಯಾರೂ ತಿಳಿಯಬಾರದು. ಆ ಎರಡು ತಿಂಗಳು ಪ್ರತಿ ಬೆಳಿಗ್ಗೆ ನೆರೆಮನೆಗಳ ನಾಲ್ಕು ಮಕ್ಕಳನ್ನು ಅದೇ ಜೀಪಿನಲ್ಲಿ ಬಸ್ ನಿಲ್ದಾಣದವರೆಗೆ ಬಿಟ್ಟು ಬರುತ್ತಿದ್ದೆ. ಒಮ್ಮೆ ಆಗುಂಬೆ ಘಾಟಿಯನ್ನೂ ಇಳಿದಿದ್ದೆ. ಕ್ರಾಸ್ ಮುರಿದು, ತಿರುಗುತ್ತಿರುವ ಶಾಫ್ಟಿನ ಮುಂದಿನ ತುದಿ ಕಳಚಿ ರಸ್ತೆಗೆ ಚುಚ್ಚಿಕೊಂಡರೆ ಏನಾದೀತೆಂದು ಮುದುಕರು ಹೇಳಿದಾಗ ನನ್ನ ಕೈ ತಣ್ಣಗಾಯಿತು. ವಾಹನ ಎರಡು ತಿಂಗಳಿಂದ ಎಚ್ಚರಿಕೆ ಕೊಡುತ್ತಲೇ ಇತ್ತು. ನಾನು ರೇಡಿಯೋ ಹಾಡನ್ನು ಜೋರು ಮಾಡಿಕೊಂಡಿದ್ದೆ. ಮಾರಿದವರು ಆ ಕ್ರಾಸಿಗೆ ಗ್ರೀಸ್ ತುಂಬಿ ನಾಲ್ಕು ದಿನದ ಮೌನವನ್ನು ನನಗೆ ಮಾರಿದ್ದರೆಂದು ನನ್ನ ಅನುಮಾನ. ಆದರೆ ಅವರ ಗ್ರೀಸಿಗೂ ನನ್ನ ರೇಡಿಯೋಗೂ ವ್ಯತ್ಯಾಸವೇನು? ಎರಡೂ ಸದ್ದಡಗಿಸುವ ಉಪಾಯಗಳೇ.

ಗ್ಯಾರೇಜಿನವರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವರಿಗೆ ಆ ಚಾಳಿಯನ್ನು ಕಲಿಸಿದವರು ನಾವು. ಹೊಸ ಬಿಡಿಭಾಗದ ಪೆಟ್ಟಿಗೆ ಕಣ್ಣಿಗೆ ಕಂಡರೆ ಸಾವಿರಗಟ್ಟಲೆ ಎಣಿಸಿಕೊಡುತ್ತೇವೆ. ಅರ್ಧ ದಿನ ಕಿವಿಗೊಟ್ಟು ಹುಡುಕಿದೆನೆಂದು ಐನೂರು ರೂಪಾಯಿ ಕೇಳಿದರೆ “ಏನು ಹಾಕಿದೆ ಅಂತ ಇಷ್ಟು?” ಎಂದು ಜಗಳಕ್ಕೆ ನಿಲ್ಲುತ್ತೇವೆ. ಹುಡುಕಿದ ಕೂಲಿ ಕೊಡದ ಊರಿನಲ್ಲಿ ಹುಡುಕುವವರು ಹೇಗೆ ಉಳಿದಾರು? ಈಗ ಕಂಪ್ಯೂಟರ್ ಬಂದಿದೆ, ತಂತಿ ಚುಚ್ಚಿದರೆ ಎಲ್ಲವನ್ನೂ ಹೇಳುತ್ತದೆ ಎನ್ನುವವರಿಗೆ ಒಂದು ಮಾತು. ಆ ಯಂತ್ರ ಹೇಳುವುದು ಸೆನ್ಸರ್ ಇರುವ ಕಡೆಯ ಸುದ್ದಿಯನ್ನು. ತುಕ್ಕು ಹಿಡಿದ ಕ್ರಾಸಿಗೆ ಯಾರೂ ಸೆನ್ಸರ್ ಕೂಡಿಸಿಲ್ಲ. ಅದಕ್ಕಿರುವುದು ಮನುಷ್ಯನ ಕಿವಿ ಮಾತ್ರ.

ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ಸರಳ ಲೋಲಕದ ಪ್ರಯೋಗದಲ್ಲಿ ಮಕ್ಕಳು 9.8 ಎಂಬ ಉತ್ತರವನ್ನು ಮೊದಲೇ ಬರೆದುಕೊಂಡು, ಅದಕ್ಕೆ ಹೊಂದುವಂತೆ ಅಳತೆಗಳನ್ನು ಹಿಂದಿನಿಂದ ತುಂಬುತ್ತಿದ್ದರು. ಗೊತ್ತಿದ್ದೂ ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕಿದ್ದೇನೆ. “ಸಾರ್, ನನಗೆ 9.2 ಬಂತು, ಯಾಕೆ?” ಎಂದು ಕೇಳಿದ ಒಬ್ಬ ಹುಡುಗನಿಗೆ “ಸರಿಯಾಗಿ ಮಾಡು ಹೋಗು” ಎಂದು ಗದರಿದ್ದೇನೆ. ಅವನೊಬ್ಬನೇ ಆ ದಿನ ವಿಜ್ಞಾನ ಮಾಡಿದ್ದ. ಅವನಿಗೆ ಅಂಕ ಕೊಡದ ನಾನು, ಕೇಳದೆಯೇ ತೀರ್ಪು ಕೊಡುವ ಮೆಕ್ಯಾನಿಕನನ್ನು ಯಾವ ಮುಖವಿಟ್ಟುಕೊಂಡು ದೂರಲಿ?

ಆದ್ದರಿಂದ ಹಳೆಯ ವಾಹನ ಇಟ್ಟುಕೊಂಡಿರುವ ಮಿತ್ರರಲ್ಲಿ ನನ್ನ ವಿನಂತಿ. ಗ್ಯಾರೇಜಿಗೆ ಹೋಗುವ ಮುನ್ನ ಸದ್ದು ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ, ಬಿಸಿಲಿಗೋ ಮಳೆಗೋ ಬರುತ್ತದೆಂದು ಚೀಟಿಯಲ್ಲಿ ಬರೆದುಕೊಳ್ಳಿ. ಜೊತೆಯಲ್ಲಿ ಕುಳಿತು ಬಾರದವರಿಗೆ ಸ್ಪ್ಯಾನರ್ ಮುಟ್ಟಲು ಬಿಡಬೇಡಿ. ಬಂದು ಕೇಳಿದವರಿಗೆ, ಅವರು ಏನನ್ನೂ ಬದಲಿಸದಿದ್ದರೂ ಸರಿ, ಹುಡುಕಿದ ಕೂಲಿಯನ್ನು ಗೊಣಗದೆ ಕೊಡಿ. ನಾನು ಆ ಮುದುಕರಿಗೆ ಅವರು ಕೇಳಿದ್ದಕ್ಕಿಂತ ಐನೂರು ರೂಪಾಯಿ ಹೆಚ್ಚು ಕೊಡಹೋದೆ. “ಕೆಲಸ ಇಷ್ಟೇ ಅಲ್ವಾ ಮೇಷ್ಟ್ರೇ” ಎಂದು ಅವರು ತೆಗೆದುಕೊಳ್ಳಲಿಲ್ಲ. ಹುಡುಕುವುದೂ ಒಂದು ಕೆಲಸವೆಂಬುದನ್ನು ನಾವು ಅವರಿಗೇ ಮರೆಸಿಬಿಟ್ಟಿದ್ದೇವೆ.