ಭರಣಿಯಲ್ಲಿ ಕಡಲಿರಲಿ, ಹವಳ ಬೇಡ

ಅಗಲ ಬಾಯಿಯ ನಾಲ್ಕು ಲೀಟರಿನ ಗಾಜಿನ ಭರಣಿ, ಪುಟ್ಟದೊಂದು ಏರ್ ಪಂಪು, ಒಂದು ಎಲ್‌ಇಡಿ ದೀಪ. ಇಷ್ಟಿದ್ದರೆ ಕಡಲಬಂಡೆಯ ತುಣುಕೊಂದನ್ನು ಅದರ ಮೇಲಿನ ಜೀವಗಳ ಸಮೇತ ಮೇಜಿನ ಮೇಲೆ ಬಹುಕಾಲ ಬದುಕಿಸಬಹುದು. ಹೊನ್ನಾವರ ಸೀಮೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಮಕ್ಕಳನ್ನು ಕಟ್ಟಿಕೊಂಡು ಇದನ್ನು ಮಾಡುತ್ತ ಬಂದಿದ್ದೇನೆ. ಬಾಟಲಿಯಲ್ಲಿ ಸಮುದ್ರ ಸಾಕುವ ಹವ್ಯಾಸಕ್ಕೆ ಮನಸೋತವರನ್ನು ಕಂಡರೆ ಹಾಗಾಗಿ ನನಗೆ ಅಕ್ಕರೆಯೇ. ಆದರೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ: ನಮ್ಮ ದೇಶದಲ್ಲಿ ಆ ಭರಣಿಯೊಳಗೆ ಹವಳ ಇರಕೂಡದು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಫೋಟೊ ಕಳಿಸಿದ್ದ. ‘ಅಕ್ಕೋರೆ, ನೀವು ಶಾಲೆಯಲ್ಲಿ ಮಾಡಿಸಿದ್ದನ್ನೇ ಇನ್ನೂ ಚಂದ ಮಾಡಿದ್ದೇನೆ.’ ಭರಣಿಯ ನಡುವೆ ಬೆರಳುದ್ದದ ಕವಲು ಹವಳ. ಅದು ಸಮುದ್ರದಿಂದ ಮುರಿದದ್ದಲ್ಲ, ಸಾಕಿ ಬೆಳೆಸಿದ್ದು ಎಂದು ಅಂಗಡಿಯವರು ಹೇಳಿದ್ದರಂತೆ. ಕಾನೂನಿನ ಪ್ರಕಾರ ಅದನ್ನು ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು ಎಂದಾಗ ಹುಡುಗನಿಗೆ ನಂಬಲಾಗಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟಕ್ಕೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ ಸೇರಿಸಲಾಯಿತು. ಕರಿ ಹವಳ, ಬೆಂಕಿ ಹವಳ, ಬೀಸಣಿಗೆಯಂತೆ ಹರಡುವ ಗಾರ್ಗೋನಿಯನ್‌ಗಳೂ ಅಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು. ಹುಲಿಯ ಉಗುರು ಕೊಳ್ಳಲು ಹೆದರುವ ಮನೆಯವರು ಹವಳದ ತುಂಡನ್ನು ನಿಶ್ಚಿಂತೆಯಿಂದ ತರುತ್ತಾರೆ. ಅದು ಪ್ರಾಣಿ ಎಂಬುದೇ ಎಷ್ಟೋ ಮಂದಿಗೆ ಗೊತ್ತಿಲ್ಲ, ಪಾಠ ಹೇಳುವವರೂ ಸರಿಯಾಗಿ ಹೇಳಿಲ್ಲ.

ಹೊರದೇಶಗಳಲ್ಲಿ ನುರಿತವರು ಸಾಕಿದ ಹವಳದ ತುಣುಕುಗಳನ್ನು ಇಂಥ ಭರಣಿಗಳಲ್ಲಿ ವರ್ಷಗಟ್ಟಲೆ ಬೆಳೆಸಿದ್ದಾರೆ, ನಿಜ. ವಾರಕ್ಕೊಮ್ಮೆ ಪೂರ್ತಿ ನೀರು ಬದಲಿಸುತ್ತಾರೆ. ಹವಳ ತನ್ನ ಗೂಡಿಗೆ ಬೇಕಾದ ಕ್ಯಾಲ್ಸಿಯಂ ಅನ್ನು ನೀರಿನಿಂದಲೇ ಹೀರುತ್ತದೆ, ನಾಲ್ಕು ಲೀಟರಿನಲ್ಲಿ ಅದು ಬೇಗ ಕಡಿಮೆಯಾಗುತ್ತದೆ. ಆದರೆ ನಮ್ಮಲ್ಲಿ ಸಾಕಿದ ತುಣುಕು ಯಾವುದು, ಮನ್ನಾರ್ ಕೊಲ್ಲಿಯಲ್ಲೋ ಅಂಡಮಾನಿನಲ್ಲೋ ಮುರಿದದ್ದು ಯಾವುದು ಎಂದು ಗಿರಾಕಿ ಗುರುತಿಸುವುದು ಹೇಗೆ? ಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಹಿಗ್ಗುವುದು ಸುಮಾರು ಒಂದು ಸೆಂಟಿಮೀಟರ್. ಅಂಗೈಯಗಲದ ತುಂಡು ಎಂದರೆ ಎಷ್ಟು ವರ್ಷದ ಬೆಳೆ, ಲೆಕ್ಕ ಹಾಕಿ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬಿಸಿನೀರಿಗೆ ಬಿಳಿಚಿ ಸತ್ತವು. 2024ರಲ್ಲಿ ಮತ್ತೆ ಬಿಳಿಚಿದವು. ಮಾಮೂಲಿ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೂ ಅವು ತಮ್ಮೊಳಗಿನ ಪಾಚಿಯನ್ನು ಹೊರಹಾಕಿಬಿಡುತ್ತವೆ. ಇಷ್ಟು ಸಂಕಟದಲ್ಲಿರುವ ಜೀವಿಯನ್ನು ಮೇಜಿನ ಅಲಂಕಾರಕ್ಕೆ ಮುರಿದು ತರುವುದಕ್ಕೆ ಯಾವ ಸಮರ್ಥನೆಯನ್ನೂ ನಾನು ಒಪ್ಪಲಾರೆ.

ಹವ್ಯಾಸಿಗಳ ಪ್ರೀತಿಯೇ ಕಡಲತೀರವನ್ನು ಬರಿದು ಮಾಡಿದ ಕತೆ ಹಳೆಯದು. 1846ರಲ್ಲಿ ಆ್ಯನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕೀ ತೀರದಿಂದ ಕೆಲವು ಹವಳಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ಒಯ್ದರು. ಸಮುದ್ರದ ನೀರು ದಿನಾ ಸಿಗುವಂತಿರಲಿಲ್ಲ. ಇದ್ದ ನೀರನ್ನೇ ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿ ಬೆರೆಸುತ್ತಿದ್ದಳು. ಆಮೇಲೆ ಥಿನ್ ಕಡಲಕಳೆಯನ್ನು ಸೇರಿಸಿದರು. ಪಂಪು, ವಿದ್ಯುತ್ತು ಏನೂ ಇಲ್ಲದ ಕಾಲದಲ್ಲಿ ಆಕೆ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ. ಮುಂದೆ 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಜನರಿಗೆ ಹುಚ್ಚು ಹಿಡಿಸಿತು. ತೀರದ ಬಂಡೆಹೊಂಡಗಳಿಗೆ ಜನ ಹಿಂಡುಹಿಂಡಾಗಿ ನುಗ್ಗಿದರು. ಆ ಹೊಂಡಗಳು ಹೇಗೆ ಬರಿದಾದವೆಂದು ಗಾಸ್ ಅವರ ಮಗ ಎಡ್ಮಂಡ್ 1907ರ ತಮ್ಮ ‘ಫಾದರ್ ಆ್ಯಂಡ್ ಸನ್’ನಲ್ಲಿ ನೊಂದು ಬರೆದಿದ್ದಾರೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನಮ್ಮದೇ ನೇತ್ರಾಣಿ ಇದೆ, ಅದರ ಸುತ್ತ ಹವಳಗಳಿವೆ. ಅಲ್ಲಿ ಹಾಗಾಗಬಾರದು.

ಹಾಗಾದರೆ ಭರಣಿಯಲ್ಲಿ ಏನಿರಬೇಕು? ಇಳಿತದಲ್ಲಿ ಬಂಡೆಸಂದಿಯ ಹೊಂಡಗಳಲ್ಲಿ ಉಳಿಯುವ ಜೀವಿಗಳು. ಬಿಸಿಲಿಗೆ ಕಾದು, ಮಳೆಗೆ ಸಪ್ಪೆಯಾಗಿ, ಎಲ್ಲ ಏರುಪೇರನ್ನೂ ತಾಳುವ ಗಟ್ಟಿಗರು ಅವರು. ಮುಷ್ಟಿಗಾತ್ರದ ಕಗ್ಗಲ್ಲು, ಒಂದು ಹಿಡಿ ಹಸಿರು ಕಡಲಕಳೆ, ಪಾಚಿ ಮೇಯುವ ಒಂದೆರಡು ಶಂಖದ ಹುಳು. ಸಾಕು. ಮೀನು ಬೇಡವೇ ಬೇಡ, ನಾಲ್ಕು ಲೀಟರಿನಲ್ಲಿ ಮೀನಿಡುವುದು ಹಿಂಸೆ. ಅಪ್ಸರಕೊಂಡ–ಮುಗಳಿ ಕಡಲಧಾಮದಂಥ ರಕ್ಷಿತ ಜಾಗದಿಂದ ಏನನ್ನೂ ಎತ್ತಬಾರದು. ಕಡಲಸೌತೆ, ಕಡಲಕುದುರೆ ಎಲ್ಲಿ ಕಂಡರೂ ಮುಟ್ಟಬಾರದು, ಅವೂ ಮೊದಲ ಪರಿಶಿಷ್ಟದವು.

ನೀರನ್ನು ಶರಾವತಿಯ ಅಳಿವೆಯಿಂದ ದೂರ, ಬಯಲುಕಡಲಿನಿಂದ ತರುತ್ತೇವೆ, ಬಟ್ಟೆಯಲ್ಲಿ ಸೋಸುತ್ತೇವೆ. ಘಟ್ಟದ ಮೇಲಿನವರು ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪನ್ನು ಆರ್‌ಒ ನೀರಿಗೆ ಬೆರೆಸಬಹುದು, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ನಡೆಯದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಸೇರಿದರೇ ಅದು ಕಡಲನೀರು. ಕಲ್ಲಿಗೆ ಅಂಟಿ ಬಂದ ಬ್ಯಾಕ್ಟೀರಿಯಗಳು ಹಾಲಿಗೆ ಹೆಪ್ಪು ಇದ್ದಂತೆ. ಶಂಖದ ಹುಳು ಬಿಡುವ ಮೊದಲು ಚಿಟಿಕೆ ಒಣ ಸೀಗಡಿ ಹಾಕಿ. ಅದು ಕೊಳೆತು ಅಮೋನಿಯ ಏಳುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ಕಡಲಕಳೆ ಉಣ್ಣುತ್ತದೆ. ಈ ಸರಪಳಿ ಕೂಡಲು ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್ಟಿನ ಬಣ್ಣ ದಿನದಿನ ಬದಲಾಗುವುದನ್ನು ಮಕ್ಕಳು ಬರೆದಿಟ್ಟುಕೊಳ್ಳುತ್ತಾರೆ. ಪಠ್ಯದ ನೈಟ್ರೋಜನ್ ಚಕ್ರದ ಚಿತ್ರವನ್ನು ಉರುಹೊಡೆದ ಯಾವ ತರಗತಿಯೂ ಆ ಚಕ್ರವನ್ನು ಇಷ್ಟು ಚೆನ್ನಾಗಿ ಅರಿತದ್ದನ್ನು ನಾನು ಕಂಡಿಲ್ಲ.

ಇನ್ನು ಉಪ್ಪಿನ ಲೆಕ್ಕ. ನಾಲ್ಕು ಲೀಟರಿನಲ್ಲಿ 140 ಗ್ರಾಂ ಉಪ್ಪಿದೆ. ಅರ್ಧ ಲೀಟರ್ ಆವಿಯಾದರೆ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದು ಲೀಟರಿಗೆ 40 ಗ್ರಾಂ ಆಗುತ್ತದೆ. ಅದಕ್ಕೇ ಭರಣಿಯ ಮೇಲೆ ಒಂದು ಗೆರೆ ಎಳೆದಿಟ್ಟು, ದಿನಾ ಬೆಳಿಗ್ಗೆ ಆ ಗೆರೆಯವರೆಗೆ ಸಿಹಿನೀರು ತುಂಬಬೇಕು. ಉಪ್ಪುನೀರು ತುಂಬಿದರೆ ಕೆಟ್ಟಿತು. ಈ ಕೆಲಸಕ್ಕೆ ಸರದಿ ಹಾಕಿದರೆ ಹಿಂದಿನ ಬೆಂಚಿನ ಹುಡುಗರೂ ಬೇಗ ಬರುತ್ತಾರೆ.

ಎರಡು ಎಚ್ಚರಿಕೆ. ಬಂಡೆಗಳ ಮೇಲೆ ಗುಂಡಿಗಳ ಹಾಗೆ ಒತ್ತೊತ್ತಾಗಿ ಬೆಳೆಯುವ ಜೊಆಂಥಿಡ್‌ಗಳು ಕರಾವಳಿಯಲ್ಲಿವೆ, ಅಂಗಡಿಯಲ್ಲೂ ಮಾರುತ್ತಾರೆ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅವು ಅಂಟಿದ ಕಲ್ಲನ್ನು ಕುದಿಸಿ, ಆವಿ ಕುಡಿದು ಮನೆಮಂದಿ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಕಡಲಕಲ್ಲನ್ನು ಎಂದೂ ಕುದಿಸಬೇಡಿ. ಇನ್ನೊಂದು: ಅಂಗಡಿಯ ಜೀವಿ ಸೇರಿದ ಭರಣಿಯನ್ನು ಸಮುದ್ರಕ್ಕೆ ಖಾಲಿ ಮಾಡಬೇಡಿ. 1984ರಲ್ಲಿ ಮೊನಾಕೊದ ಸಾಗರ ಸಂಗ್ರಹಾಲಯದ ಕೆಳಗಿನ ನೀರಿನಲ್ಲಿ ಚಾಪೆಯಗಲ ಕಂಡ ಕೌಲೆರ್ಪ ಎಂಬ ಅಕ್ವೇರಿಯಂ ಕಳೆ, ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರಿಗೆ ಹಬ್ಬಿತು.

ಕರಾವಳಿಯ ವಿಜ್ಞಾನ ಶಿಕ್ಷಕರಲ್ಲಿ ನನ್ನ ವಿನಂತಿ: ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಶಾಲೆಗೊಂದೇ ಭರಣಿ ಕಟ್ಟಿಸಿ. ಪ್ರತಿ ಮಗುವಿಗೊಂದು ಬೇಡ, ಹೊಂಡಗಳು ತಾಳಲಾರವು. ವರ್ಷದ ಕೊನೆಗೆ ಅಂಗಡಿಯದೇನೂ ಬೆರೆಯದ ಆ ಜೀವಿಗಳನ್ನು ಅದೇ ಹೊಂಡಕ್ಕೆ ಮರಳಿ ಬಿಡಿ. ನಗರದ ಹವ್ಯಾಸಿಗಳೇ, ಜೀವಂತ ಹವಳ ಮಾರಾಟಕ್ಕಿರುವುದು ಕಂಡರೆ ಕೊಳ್ಳಬೇಡಿ, ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ.