ಹಾಡುಗಾರರು ಹುಟ್ಟುವುದಿಲ್ಲ, ಬೆಳೆಯುತ್ತಾರೆ

ಸಂಗೀತಗಾರರ ವಿಷಯ ಬಂದಾಗಲೆಲ್ಲ ನಮ್ಮ ಜನ ಒಂದು ಮಾತನ್ನು ತಪ್ಪದೆ ಆಡುತ್ತಾರೆ: "ಅದೆಲ್ಲ ದೇವರು ಕೊಟ್ಟ ಕಂಠ, ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು?" ಕೇಳಲು ಇದು ವಿನಯದ ಮಾತು. ಆದರೆ ಇದರ ಹಿಂದೆ ನಮ್ಮೆಲ್ಲರ ಸೋಮಾರಿತನ ಅಡಗಿದೆ. ಕಂಠವನ್ನು ದೇವರೇ ಕೊಡುವುದಾದರೆ ಊರು, ಶಾಲೆ, ಸರ್ಕಾರ ಯಾವುದೂ ಏನನ್ನೂ ಮಾಡಬೇಕಾಗಿಲ್ಲವಲ್ಲ! ದೊಡ್ಡ ಗಾಯಕರ ಬಾಲ್ಯವನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಬೇರೆಯ ಸಂಗತಿಯೇ ಕಾಣುತ್ತದೆ. ಅಲ್ಲಿ ಕಂಠಕ್ಕಿಂತ ಮೊದಲು ಕಿವಿ ಇದೆ. ಕಿವಿಯ ನಂತರ ಆಸರೆ ಇದೆ. ಆಸರೆಯ ನಂತರ ಎರಡು ಹೊತ್ತಿನ ಅನ್ನಕ್ಕೆ ದಾರಿ ಇದೆ. ಈ ಮೂರೂ ಮನುಷ್ಯರು ಕೊಡುವಂಥವು.

ಮೊದಲು ಕಿವಿಯ ಮಾತು. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಗದಗ ಸೀಮೆಯವರಾಗಿ. ತಂದೆ ಗುರುರಾಜ ಜೋಶಿಯವರು ನನ್ನಂತೆಯೇ ಶಾಲಾ ಮಾಸ್ತರರು. ಬೀದಿಯಲ್ಲಿ ವಾದ್ಯದ ಮೆರವಣಿಗೆ ಹೊರಟರೆ ಹುಡುಗ ಅದರ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ ಕೊನೆಗೆ ಅವನ ಅಂಗಿಯ ಮೇಲೆ ಇವನು ಜೋಶಿ ಮಾಸ್ತರರ ಮಗನೆಂದು ಬರೆಸಿದರಂತೆ. ಕಂಡವರು ಮನೆಗೆ ತಂದು ಬಿಡಲಿ ಎಂದು. ಮುಂದೆ ಉಸ್ತಾದ್ ಅಬ್ದುಲ್ ಕರೀಂ ಖಾನರ ಗ್ರಾಮಾಫೋನ್ ತಟ್ಟೆಯೊಂದು ಆ ಕಿವಿಗೆ ಬಿತ್ತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ಗುರುವನ್ನು ಅರಸಿ ಮನೆ ಬಿಟ್ಟ. ರೈಲಿನಲ್ಲಿ ಹಾಡಿ, ಕಂಡವರ ಕರುಣೆಯಿಂದ ಉಂಡು, ಗ್ವಾಲಿಯರ್, ಕಲಕತ್ತೆ, ದಿಲ್ಲಿ ಸುತ್ತಿ ಜಾಲಂಧರಕ್ಕೆ ಮುಟ್ಟಿದ. ಕೊನೆಗೆ ಸಿಕ್ಕ ಗುರು ಯಾರು? ಅದೇ ಅಬ್ದುಲ್ ಕರೀಂ ಖಾನರ ಶಿಷ್ಯ, ಹುಬ್ಬಳ್ಳಿ ಪಕ್ಕದ ಕುಂದಗೋಳದ ಸವಾಯಿ ಗಂಧರ್ವರು! ದೇಶವೆಲ್ಲ ಸುತ್ತಿ ಹುಡುಕಿದ್ದು ಮನೆಯಂಗಳದಲ್ಲೇ ಇತ್ತು.

ಗಂಗೂಬಾಯಿ ಹಾನಗಲ್ಲರ ಕಥೆಯೂ ಹಾಗೆಯೇ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರಿಗೆ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಮನೆಯ ಗಾಳಿಯಲ್ಲೇ ಇತ್ತು. ಜೊತೆಗೆ ಬೀದಿಯಲ್ಲಿ ಗ್ರಾಮಾಫೋನ್ ಮೊಳಗಿದರೆ ಓಡಿಹೋಗಿ ಕೇಳಿ, ಅದನ್ನೇ ಅನುಕರಿಸುವ ಚಟ. ಮಗಳ ಒಲವು ಹಿಂದೂಸ್ತಾನಿಯ ಕಡೆಗಿದೆಯೆಂದು ಕಂಡ ತಾಯಿ ತನ್ನ ಪದ್ಧತಿಯನ್ನು ಅವಳ ಮೇಲೆ ಹೇರಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಈ ಬಾಲಕಿ, ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಕಲಿತರು. ಹಾಡುವ ಹೆಣ್ಣೆಂದು ಬೀದಿಯ ಜನ ಆಡಿದ ಮೂದಲಿಕೆಯನ್ನೆಲ್ಲ ನುಂಗಿಕೊಂಡು ಕಲಿತರು.

ಮಲ್ಲಿಕಾರ್ಜುನ ಮನಸೂರರು ಹುಟ್ಟಿದ್ದು 1910ರ ಡಿಸೆಂಬರ್ 31ರಂದು. ಧಾರವಾಡದ ಬಳಿಯ ಮನಸೂರು ನಮ್ಮ ಮಣ್ಣೂರಿನಂತೆಯೇ ಒಕ್ಕಲುತನದ ಹಳ್ಳಿ. ಅವರಿಗೆ ಸಂಗೀತದ ಬಾಗಿಲು ತೆರೆದದ್ದು ಅಣ್ಣ ಬಸವರಾಜರ ನಾಟಕ ಕಂಪನಿ. ಒಂಬತ್ತರ ವಯಸ್ಸಿನಲ್ಲೇ ಬಣ್ಣ ಹಚ್ಚಿಕೊಂಡು ರಂಗಗೀತೆ ಹಾಡಿದರು. ಅಲ್ಲಿಂದ ಮಿರಜಿನ ನೀಲಕಂಠಬುವಾ ಅಲೂರಮಠರ ಬಳಿ ಗ್ವಾಲಿಯರ್ ಗಾಯನ. ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರ ಬಳಿ ಜೈಪುರ ಘರಾಣೆಯ ತಾಲೀಮು. ಲಿಂಗಾಯತ ಒಕ್ಕಲು ಮನೆಯ ಮಗ, ಮುಸಲ್ಮಾನ ಗುರುಗಳು, ಮರಾಠಿ ಊರು, ಹಾಡಿದ್ದು ಬಸವಣ್ಣನ ವಚನ. ಇಂದಿನ ಜಗಳಗಂಟರು ಇದನ್ನು ಓದಬೇಕು.

ಎರಡನೆಯದು ಆಸರೆ. ಕಿವಿಯುಳ್ಳ ಮಗು ಬಡವರ ಮನೆಯಲ್ಲಿ ಹುಟ್ಟಿದರೆ ಗತಿ ಏನು? ಈ ಪ್ರಶ್ನೆಗೆ ನಮ್ಮ ನಾಡು ಕೊಟ್ಟ ಅತ್ಯುತ್ತಮ ಉತ್ತರ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಹುಟ್ಟು ಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತ ಕಲಿಯಲು ಅನುವು ಮಾಡಿಕೊಟ್ಟರು. ಕಲಿತದ್ದನ್ನು ಗವಾಯಿಗಳು ತಮ್ಮಲ್ಲೇ ಇಟ್ಟುಕೊಳ್ಳದೆ, ಅಂಧರನ್ನೂ ಅನಾಥರನ್ನೂ ಬಡವರನ್ನೂ ಕೂಡಿಸಿಕೊಂಡು ಊರೂರು ತಿರುಗಿ ಪಾಠಶಾಲೆ ನಡೆಸಿ, ಕೊನೆಗೆ ಗದುಗಿನಲ್ಲಿ ನೆಲೆಯೂರಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಹೊರೆ ಹೊತ್ತರು. ಮಕ್ಕಳ ಅನ್ನಕ್ಕಾಗಿ ನಾಟಕ ಬರೆದು, ಕಂಪನಿ ಕಟ್ಟಿ, ಟಿಕೆಟ್ಟಿನ ಹಣದಲ್ಲಿ ಆಶ್ರಮದ ಒಲೆ ಉರಿಸಿದರು. ಬಸವರಾಜ ರಾಜಗುರು, ನಮ್ಮ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಮುಂತಾದವರು ಪಂಚಾಕ್ಷರಿ ಗವಾಯಿಗಳ ಗರಡಿಯವರು. ಬಳ್ಳಾರಿ ಜಿಲ್ಲೆಯ ವೆಂಕಟೇಶಕುಮಾರರು ಹನ್ನೆರಡರ ಆಸುಪಾಸಿನ ಹುಡುಗನಾಗಿ ಪುಟ್ಟರಾಜರ ಬಳಿಗೆ ಬಂದವರು. 2016ರಲ್ಲಿ ಪದ್ಮಶ್ರೀ ಪಡೆದರು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಕರಿಯ ಜನಾಂಗದ ಜಾಝ್ ಮತ್ತು ಸೋಲ್ ಗಾಯಕರ ಬಾಲ್ಯವನ್ನು ಓದಿದಾಗ ನನಗೆ ಗದುಗೇ ನೆನಪಾಗುತ್ತದೆ. ಲೂಯಿ ಆರ್ಮ್‌ಸ್ಟ್ರಾಂಗ್ ನ್ಯೂ ಆರ್ಲಿಯನ್ಸ್ ನಗರದ ಕಡುಬಡವರ ಮಗ. ಹೊಸ ವರ್ಷದ ಮುನ್ನಾ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದ ತಪ್ಪಿಗೆ ಬಾಲಕರ ಸುಧಾರಣಾ ಗೃಹ ಸೇರಿದ; ಅಲ್ಲಿನ ವಾದ್ಯವೃಂದದಲ್ಲಿ ಕಾರ್ನೆಟ್ ಎಂಬ ತುತ್ತೂರಿಯನ್ನು ಹದವಾಗಿ ನುಡಿಸಲು ಕಲಿತ. ರೇ ಚಾರ್ಲ್ಸ್ ಎಂಬ ಹುಡುಗ ಊರ ಸಣ್ಣ ಹೋಟೆಲಿನ ಪಿಯಾನೋ ಕೇಳಿ ಮರುಳಾದ. ಏಳರ ಹೊತ್ತಿಗೆ ಕಣ್ಣು ಹೋಯಿತು. ಫ್ಲಾರಿಡಾ ರಾಜ್ಯದ ಕಿವುಡರ ಮತ್ತು ಕುರುಡರ ಶಾಲೆಯಲ್ಲಿ ಬ್ರೈಲ್ ಲಿಪಿಯಲ್ಲಿ ಸಂಗೀತ ಓದಿದ. ಅರೀಥಾ ಫ್ರಾಂಕ್ಲಿನ್‌ಗೆ ತಂದೆ ಬೋಧಕರಾಗಿದ್ದ ಡೆಟ್ರಾಯಿಟ್ ನಗರದ ಚರ್ಚೇ ಪಾಠಶಾಲೆ. ಸುಧಾರಣಾ ಗೃಹ, ಅಂಧರ ಶಾಲೆ, ಚರ್ಚು ಇವು ಕಾನ್ಸರ್ಟ್ ಸಭಾಂಗಣಗಳಲ್ಲ. ಸಾಮಾನ್ಯರ ಮಕ್ಕಳು ಹೋಗಿ ಕೂರಬಹುದಾದ ಜಾಗಗಳು. ನಮ್ಮಲ್ಲಿ ಮಠ, ನಾಟಕ ಕಂಪನಿ, ಭಜನೆಯ ಗುಡಿ ಮಾಡಿದ ಕೆಲಸವನ್ನು ಅಲ್ಲಿ ಇವು ಮಾಡಿದವು.

ಮೂರನೆಯದು ಅನ್ನದ ದಾರಿ. ಇದನ್ನು ಸಂಗೀತ ಪ್ರೇಮಿಗಳು ಮರೆಯುತ್ತಾರೆ. ಮನಸೂರರಿಗೆ ದೇಶವ್ಯಾಪಿ ಕೀರ್ತಿ ಬಂದದ್ದು ಅರವತ್ತರ ಆಸುಪಾಸಿನಲ್ಲಿ. ಪದ್ಮಶ್ರೀ 1970ರಲ್ಲಿ, ಪದ್ಮವಿಭೂಷಣ 1992ರಲ್ಲಿ; ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅದಕ್ಕೂ ಮೊದಲಿನ ದೀರ್ಘ ವರ್ಷಗಳಲ್ಲಿ ನಾಟಕ, ಎಚ್.ಎಂ.ವಿ. ಕಂಪನಿಯ ಕೆಲಸ, ಧಾರವಾಡ ಆಕಾಶವಾಣಿಯ ಸಲಹೆಗಾರಿಕೆ ಅವರನ್ನು ಕಾದವು. ಭೀಮಸೇನರೂ 1943ರಲ್ಲಿ ಮುಂಬಯಿಗೆ ಹೋಗಿ ರೇಡಿಯೊ ಕಲಾವಿದರಾದವರೇ. ವೆಂಕಟೇಶಕುಮಾರರು ಮೂರು ದಶಕಕ್ಕೂ ಮಿಕ್ಕಿ ಧಾರವಾಡದಲ್ಲಿ ಸಂಗೀತದ ಅಧ್ಯಾಪಕರಾಗಿದ್ದರು. ತಿಂಗಳ ಕೊನೆಗೆ ಕೈಗೆ ಬರುವ ಸಣ್ಣ ಸಂಬಳವೇ ಎಷ್ಟೋ ರಾಗಗಳನ್ನು ಉಳಿಸಿದೆ.

ಇನ್ನು ನಮ್ಮ ಸೀಮೆಗೆ ಬರೋಣ. ಅಫಜಲಪುರ, ಆಳಂದ, ಜೇವರ್ಗಿಗಳು ಹಾಡಿಗೆ ಬಡ ನಾಡಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಹುಟ್ಟಿದ ಮಣ್ಣು ಇದು. ಅವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪನೂ ಉಂಟು, ಚನ್ನೂರ ಜಲಾಲಸಾಹೇಬನೂ ಉಂಟು. ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ, ತಾಳ ಹಿಡಿದು ಬೆಳಗಿನವರೆಗೆ ಹಾಡುವ ಮುದುಕರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಮೊಹರಂನಲ್ಲಿ ರಿವಾಯತ ಪದಗಳ ಸವಾಲ್–ಜವಾಬ್ ಉಂಟು. ಮಣ್ಣೂರ ಯಲ್ಲಮ್ಮನ ಜಾತ್ರೆಗೆ ಬರುವ ಹೆಣ್ಣುಮಕ್ಕಳ ಕೊರಳಲ್ಲಿ ಎಂಥ ಸ್ವರವಿದೆಯೆಂದು ಕೇಳಿದವರಿಗೆ ಗೊತ್ತು. ಇಷ್ಟಿದ್ದೂ ನಮ್ಮ ತಾಲ್ಲೂಕುಗಳಿಂದ ಹೊರನಾಡು ಗುರುತಿಸಿದ ಗಾಯಕರು ಏಕೆ ಅಷ್ಟೊಂದು ಬರಲಿಲ್ಲ? ಕಿವಿ ಇತ್ತು, ಆಸರೆ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಜ್ಜನ ಜೊತೆ ಭಜನೆಗೆ ಹೋಗಿ ಹೋಗಿ ಅವನಿಗೆ ತತ್ವಪದಗಳು ಕಂಠಪಾಠ. ಶ್ರುತಿ ಪೆಟ್ಟಿಗೆ ಇಲ್ಲದೆಯೂ ಶ್ರುತಿ ಬಿಡುತ್ತಿರಲಿಲ್ಲ. ಅವನನ್ನು ಗದುಗಿಗೆ ಕಳಿಸೋಣವೆಂದು ನಾನು ತಂದೆಯನ್ನು ಕರೆಸಿ ಮಾತಾಡಿದೆ. "ಹಾಡ್ಕೋತ ಕುಂತ್ರ ಹೊಟ್ಟಿ ತುಂಬ್ತದೇನ್ರೀ ಸರ? ಇವನ ಕೆಳಗ ಇನ್ನೂ ಮೂರು ಮಂದಿ ಹಾರ" ಎಂದರು ಅವರು. ಆ ವರ್ಷ ಮಳೆ ಕೈಕೊಟ್ಟಿತ್ತು. ದೀಪಾವಳಿಯ ನಂತರ ಇಡೀ ಕುಟುಂಬ ಪುಣೆಗೆ ಗುಳೆ ಹೋಯಿತು. ಆ ಹುಡುಗ ಇಂದು ಅಲ್ಲಿಯೇ ಟೆಂಪೊ ಓಡಿಸುತ್ತಾನೆ. ಸಂಸಾರ ಚೆನ್ನಾಗಿ ನಡೆದಿದೆ. ಜಾತ್ರೆಗೆ ಬಂದಾಗ ಈಗಲೂ ಹಾಡುತ್ತಾನೆ. ಆ ತಂದೆಯ ಪ್ರಶ್ನೆಯನ್ನು ನಾನು ಅಜ್ಞಾನವೆಂದು ಎಂದೂ ತಿಳಿದಿಲ್ಲ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದದ್ದು ಸಮಾಜ.

ಈಗ ಟಿ.ವಿ.ಯ ಹಾಡಿನ ಸ್ಪರ್ಧೆಗಳೇ ಆ ಉತ್ತರವೆಂದು ಕೆಲವರು ವಾದಿಸುತ್ತಾರೆ. ಹಳ್ಳಿಯ ಮಕ್ಕಳಿಗೂ ಅಲ್ಲಿ ಅವಕಾಶ ಸಿಕ್ಕಿದೆ, ನಿಜ. ಮೊಬೈಲಿನಲ್ಲಿ ಇಂದು ಮಗುವೊಂದು ಅಬ್ದುಲ್ ಕರೀಂ ಖಾನರನ್ನು ಕಾಸಿಲ್ಲದೆ ಕೇಳಬಹುದು, ಅದೂ ನಿಜ. ಆದರೆ ಸ್ಪರ್ಧೆ ಗೆದ್ದವನಿಗೆ ಚಪ್ಪಾಳೆ ಕೊಡುತ್ತದೆ. ಸೋತವನಿಗೆ ಪಾಠ ಹೇಳುವುದಿಲ್ಲ. ಮೊಬೈಲು ಹಾಡು ಕೇಳಿಸುತ್ತದೆ. ನೀನು ಹಾಡಿದ ನಿಷಾದ ತಪ್ಪಿತೆಂದು ನಿಲ್ಲಿಸಿ ತಿದ್ದುವುದಿಲ್ಲ. ತಿದ್ದುವ ಮನುಷ್ಯ ಎದುರಿಗೆ ಕೂರಬೇಕು, ದಿನವೂ ಕೂರಬೇಕು, ವರ್ಷಗಟ್ಟಲೆ ಕೂರಬೇಕು.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಹೋಬಳಿಗೆ ಒಬ್ಬ ಸಂಗೀತ ಶಿಕ್ಷಕರನ್ನು ಖಾಯಂ ಸಂಬಳದ ಮೇಲೆ ನೇಮಿಸಲಿ. ಅವರು ಸುತ್ತಲಿನ ನಾಲ್ಕಾರು ಪ್ರೌಢಶಾಲೆಗಳಿಗೆ ವಾರಕ್ಕೊಮ್ಮೆ ಹೋಗಿಬರಲಿ. ಸಂಗೀತ ಕಲಿತು ಕೆಲಸವಿಲ್ಲದೆ ಕುಳಿತವರಿಗೆ ಇದರಿಂದ ಅನ್ನವೂ ದೊರಕುತ್ತದೆ. ಶನಿವಾರ ಶಾಲೆ ಬಿಟ್ಟ ಮೇಲೆ ಊರ ಭಜನಾ ಮಂಡಳಿಯ ಹಿರಿಯರನ್ನು ಕರೆದು ಮಕ್ಕಳ ನಡುವೆ ಕೂರಿಸಲಿ; ಇದಕ್ಕೆ ಹಣವೇ ಬೇಡ. ಕಲಬುರಗಿಯಲ್ಲಿ ಸಂಗೀತ ಕಲಿಯುವ ಬಡ ಮಕ್ಕಳಿಗೆಂದೇ ಒಂದು ವಸತಿನಿಲಯವಾಗಲಿ. ಸಂವಿಧಾನದ 371(ಜೆ) ಕಲಮಿನಿಂದ ನಮಗೊಂದು ಪ್ರದೇಶಾಭಿವೃದ್ಧಿ ಮಂಡಳಿ ಬಂದಿದೆ. ಅದು ರಸ್ತೆಗೂ ಕಟ್ಟಡಕ್ಕೂ ಕೊಡುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಮಕ್ಕಳ ಕೊರಳಿಗೂ ಕೊಟ್ಟರೆ ನಷ್ಟವೇನು?

ಗಂಗೂಬಾಯಿಯವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಸಂತೋಷ. ಆದರೆ ಭೀಮಾ ತೀರದ ಮಗುವಿಗೆ ಮೈಸೂರು ಬಹು ದೂರ. ಆ ಮಗುವಿಗೆ ಮೊದಲು ಬೇಕಾದದ್ದು ನಡೆದು ಹೋಗುವಷ್ಟು ಹತ್ತಿರದಲ್ಲಿ ಒಬ್ಬ ಗುರು. ಅಂಥ ಗುರು ಇಲ್ಲದ ಕಾಲದಲ್ಲಿ ಹನ್ನೊಂದರ ಹುಡುಗನೊಬ್ಬ ಜಾಲಂಧರದವರೆಗೆ ಅಲೆದ, ಅಲೆದೂ ಗೆದ್ದ. ಅವನನ್ನು ನಾವು ಕೊಂಡಾಡುತ್ತೇವೆ. ಹಾಗೆ ಅಲೆಯಲಾರದೆ ಊರಲ್ಲೇ ಉಳಿದ, ಇಲ್ಲವೇ ದುಡಿಯಲು ಪುಣೆಯ ಬಸ್ಸು ಹತ್ತಿದ ಮಕ್ಕಳನ್ನು ಲೆಕ್ಕ ಇಟ್ಟವರು ಯಾರು?